ಅನ್ನನಾಳದ ಗಣಿತ ಮತ್ತು ತೊಣ್ಣೂರಿನ ಮುದ್ದೆ

ಯಾವುದಾದರೊಂದು ವಿಷಯವನ್ನು ಅತಿಯಾಗಿ ಓದಿಕೊಂಡವನು ನೆಂಟರ ಮನೆಯಲ್ಲಿ ಆ ವಿಷಯದ ಬಗ್ಗೆ ಬಾಯಿ ಬಿಡದಿರುವುದು ಕ್ಷೇಮ. ನಾನು ಬಾಯಿ ಬಿಟ್ಟು ಕೆಟ್ಟೆ. ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದು, ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತ, ಡಾಕ್ಟರೇಟಿಗೆ ಓದುತ್ತಿದ್ದೆ. ಮೆತ್ತನೆಯ ವಸ್ತುಗಳೂ ಜೀವಂತ ಅಂಗಗಳೂ ವಿಪರೀತ ಹಿಗ್ಗಿ ಕುಗ್ಗಿದಾಗ ಅವುಗಳ ಆಕಾರ ಏನಾಗುತ್ತದೆ ಎಂದು ಸಮೀಕರಣ ಬರೆಯುವುದು ನನ್ನ ಕೆಲಸ. ಕಬ್ಬಿಣದ ಸರಳು ಒಂದು ಕೂದಲೆಳೆಯಷ್ಟು ಬಾಗಿದರೆ ಲೆಕ್ಕ ಸುಲಭ. ರಬ್ಬರು, ಚರ್ಮ, ಕರುಳು ಹಾಗಲ್ಲ. ಎಳೆದಂತೆಲ್ಲ ಅವುಗಳ ಆಕಾರವೂ ಬದಲಾಗುತ್ತದೆ, ಲೆಕ್ಕ ಹಾಕುವವನ ಮುಖವೂ ಬದಲಾಗುತ್ತದೆ. ನನ್ನ ಪಾಲಿಗೆ ಬಂದದ್ದು ಅನ್ನನಾಳ. ಮೆತ್ತನೆಯ ಉಂಡೆಯೊಂದು ಮೆತ್ತನೆಯ ಕೊಳವೆಯಲ್ಲಿ ಇಳಿಯುವುದನ್ನು ಕಾಲೇಜಿನ ಒಂದೇ ಕಂಪ್ಯೂಟರಿನ ಮುಂದೆ, ಚಪ್ಪಲಿ ಹೊರಗೆ ಬಿಟ್ಟು ಕೂತು, ವರ್ಷಗಟ್ಟಲೆ ನೋಡಿದೆ. ಉಂಡೆ ಪ್ರತಿಸಲವೂ ಇಳಿಯಿತು.

ಆಗ ಸಂತೆಬಾಚಹಳ್ಳಿಯ ನನ್ನ ಸೋದರಮಾವ ಹೆಣ್ಣು ತೋರಿಸಲು ತೊಣ್ಣೂರಿಗೆ ಕರೆದೊಯ್ದರು. ಹುಡುಗಿಯ ಹೆಸರು ಭಾಗ್ಯ, ಪಾಂಡವಪುರದಲ್ಲಿ ಶಾಲಾ ಶಿಕ್ಷಕಿ. ಕಾಫಿ ಕೊಡುತ್ತ ಒಮ್ಮೆ ನೋಡಿದಳು. ಮದುವೆಯಾದರೆ ಇವಳನ್ನೇ ಎಂದು ನನಗೆ ಆಗಲೇ ಅನಿಸಿಬಿಟ್ಟಿತು. ತೊಡಕು ಒಂದೇ. ನಮ್ಮ ಮೂಲ ನಾಗಮಂಗಲವಾದರೂ, ಅಪ್ಪನ ರೈಲ್ವೆ ಕೆಲಸದಿಂದಾಗಿ ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ರೊಟ್ಟಿ ಅಗಿದು. ರಾಗಿಮುದ್ದೆಯನ್ನು ಅಗಿಯುವಂತಿಲ್ಲ, ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು. ಬಸ್ಸಿನಲ್ಲೇ ಮಾವ ಎಚ್ಚರಿಸಿದ್ದರು: "ಲೇ, ಅವ್ರ ಮುಂದೆ ಬಾಯಾಡಿಸ್ಬೇಡ ಕಣ್ಲಾ. ಹಲ್ಲೇ ಇಲ್ಲ ಅನ್ಕೊಂಡ್ಬುಡು."

ಊಟಕ್ಕೆ ಕೂತಾಗ ಹುಡುಗಿಯ ತಂದೆ ಚಿಕ್ಕೇಗೌಡರು, "ಏನ್ ಓದ್ತಿರಾದು ತಾವು?" ಎಂದರು. ನಾನು ಸುಮ್ಮನಿರಬಹುದಿತ್ತು. ಬಾಗಿಲ ಹಿಂದೆ ಭಾಗ್ಯ ನಿಂತಿದ್ದರಿಂದ, ಗಂಟಲು ಹಿಗ್ಗುವ ಬಗೆಯನ್ನೂ ತುತ್ತು ಚಪ್ಪಟೆಯಾಗುವ ಬಗೆಯನ್ನೂ ಕೈಯಾಡಿಸಿ ವಿವರಿಸಿದೆ. ಗೌಡರು ಗಂಭೀರವಾಗಿ ಕೇಳಿ, ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ನುಂಗಾದ್ನೇ ಓದಾವ್ರಂತೆ ಕಣಮ್ಮಿ. ದಪ್ಪ ಮುದ್ದೆ ಇಕ್ಕು" ಎಂದರು.

ಲೆಕ್ಕದ ಪ್ರಕಾರ ನಿಂಬೆಹಣ್ಣಿನ ಗಾತ್ರದ ತುತ್ತು ನಿರಾಯಾಸವಾಗಿ ಇಳಿಯಬೇಕು. ಅಷ್ಟನ್ನೇ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟೆ. ಅದು ಅರ್ಧ ದಾರಿ ಹೋಗಿ ನಿಂತಿತು. ಹೆಣ್ಣು ನೋಡಲು ಬಂದವನ ಗಂಟಲು ಹೆದರಿ ಒಣಗಿರುತ್ತದೆ ಎಂಬ ಅಂಶವನ್ನು ನಾನು ಸಮೀಕರಣದಲ್ಲಿ ಸೇರಿಸಿರಲಿಲ್ಲ. ಕಣ್ಣು ಮೇಲಾಯಿತು. ಮಾವ ಬೆನ್ನಿಗೆ ಗುದ್ದಿದರು, ಗೌಡರೂ ಗುದ್ದಿದರು, ಯಾರೋ ಬಾಯಿಗೆ ಸಾರು ಸುರಿದರು. ಕೊನೆಗೆ ತುತ್ತು ಎತ್ತ ಹೋಯಿತೋ ತಿಳಿಯದು, ಉಸಿರು ಬಂತು. ಪ್ರಾಣ ಉಳಿದ ಸಂತೋಷದಲ್ಲಿ ಮೈಮರೆತು ಮುಂದಿನ ತುತ್ತನ್ನು ಎಲ್ಲರೆದುರು ಅಗಿದುಬಿಟ್ಟೆ. ಪಂಕ್ತಿಯಲ್ಲಿದ್ದವರೆಲ್ಲ ಉಣ್ಣುವುದು ಬಿಟ್ಟು ನನ್ನ ದವಡೆಯನ್ನೇ ನೋಡಿದರು.

ಕೈತೊಳೆಯುವಾಗ ಗೌಡರು ಮಾವನಿಗೆ ಹೇಳುತ್ತಿದ್ದುದು ಕೇಳಿಸಿತು: "ಉಡ್ಗ ಒಳ್ಳೇವ್ನೇ. ಆದ್ರೆ ನಾಳೆ ಬೀಗ್ರೂಟದಲ್ಲಿ ನಮ್ಮ ನೆಂಟ್ರ ಮುಂದೆ ಎಂಗೆ ಕೂರ್ಸಾದು? ಬ್ಯಾಡ ಬುಡಿ." ನನಗೆ ಅಳುವೇ ಬಂತು. ಅಷ್ಟರಲ್ಲಿ ಭಾಗ್ಯ ಹೊರಗೆ ಬಂದಳು.

"ಅಪ್ಪಾ, ನಂಗೂ ಮುದ್ದೆ ಸೇರಾಕಿಲ್ಲ. ಚಿಕ್ಕೋಳಿದ್ದಾಗ್ನಿಂದ ನಿಂಗೆ ಎದರ್ಕಂಡು ನುಂಗ್ತಾ ಇವ್ನಿ. ಇವ್ರ ಮನೇಲಾದ್ರೆ ಅಗ್ಕಂಡು ಉಣ್ಬೋದು. ನಂಗೆ ಒಪ್ಗೆ."

ಗೌಡರು ಮಗಳ ಕಡೆ ತಿರುಗಿದರು. "ಮೊದ್ಲೇ ಯೋಳಿದ್ರೆ ನಿಂಗೆ ಅನ್ನ ಮಾಡಸ್ತಿರ್ನಿಲ್ವಾ ಮಗ?" ಎಂದರು. ಅವರ ದನಿ ಒಡೆದಿತ್ತು. ಆಮೇಲೆ ನನ್ನ ಕಡೆ ತಿರುಗಿ, ಆಗಲಿ ಎಂಬಂತೆ ತಲೆಯಾಡಿಸಿದರು.

ಮದುವೆಯಾಯಿತು. ಡಾಕ್ಟರೇಟೂ ಬಂತು. ಶ್ರೀರಂಗಪಟ್ಟಣದ ಮನೆಯಲ್ಲಿ ನಾವಿಬ್ಬರೂ ಚಪಾತಿಯನ್ನು ನೆಮ್ಮದಿಯಾಗಿ ಅಗಿಯುತ್ತೇವೆ. ತೊಣ್ಣೂರಿಗೆ ಹೋದಾಗ ಮಾತ್ರ ಭಾಗ್ಯ ಅಪ್ಪನ ಪಕ್ಕ ಕೂತು, ಅವರ ಖುಷಿಗೆಂದು, ಮುದ್ದೆಯನ್ನು ಸಲೀಸಾಗಿ ನುಂಗುತ್ತಾಳೆ. ನುಂಗುವ ವಿಷಯದಲ್ಲಿ ಡಾಕ್ಟರಾದ ನನಗೆ ಮಕ್ಕಳ ಪಂಕ್ತಿಯಲ್ಲಿ ಎಲೆ ಹಾಕಿ, ಅತ್ತೆಯವರು ಅನ್ನವನ್ನು ನುಣ್ಣಗೆ ಕಿವುಚಿ ಬಡಿಸುತ್ತಾರೆ.