ನೀಲಿ ರಟ್ಟಿನ ಕಾದಂಬರಿ

ಬೆಳಗ್ಗೆ ಹಲ್ಲುಜ್ಜುವಾಗ ಮಧ್ಯಾಹ್ನದ ಸೆಮಿನಾರು ನೆನಪಿಗೆ ಬಂದರೂ ಹುಡುಗಿಗೆ ಗಾಬರಿಯೇನೂ ಆಗಲಿಲ್ಲ. ಕಾದಂಬರಿ ಸಣ್ಣದು, ಊಟದ ಹೊತ್ತಿನವರೆಗೆ ಸಮಯವಿದೆ, ಮನಸ್ಸಿಟ್ಟು ಕೂತರೆ ಓದಿ ಬಿಸಾಕಬಹುದು ಎಂದುಕೊಂಡು ನಿಧಾನವಾಗಿಯೇ ಬಾಯಿ ಮುಕ್ಕಳಿಸಿದಳು. ಗಾಬರಿಯಾದದ್ದು ಆಮೇಲೆ, ಇಟ್ಟ ಜಾಗದಲ್ಲಿ ಕಾದಂಬರಿ ಇಲ್ಲದಿದ್ದಾಗ.

ಮನೆಯವರೆಲ್ಲ ಅವಳನ್ನು ಚಡಪಡಿ ಎಂದು ಕರೆಯುತ್ತಿದ್ದರು. ಅಜ್ಜಿ ಇಟ್ಟ ಹೆಸರು. ಅಜ್ಜಿ ಹೋದರೂ ಹೆಸರು ಹೋಗಲಿಲ್ಲ. ಪಿಟೀಲು ಹಿಡಿದು ಕೂತರೆ ಅವಳಿಗೆ ಕುಂಡಗಳಿಗೆ ನೀರು ಹಾಕಿಲ್ಲವೆಂದು ನೆನಪಾಗುತ್ತಿತ್ತು. ನೀರು ಹಾಕಲು ಎದ್ದರೆ ದಾರಿಯಲ್ಲಿ ಹೆಣಿಗೆಯ ಬುಟ್ಟಿ ಕಾಣುತ್ತಿತ್ತು. ಅಣ್ಣನಿಗೆಂದು ಶುರುಮಾಡಿದ ಸ್ವೆಟರಿಗೆ ಇನ್ನೂ ಒಂದೇ ತೋಳು ಬಂದಿತ್ತು. ಒಂದು ಕೈಗೆ ಮಾತ್ರ ಚಳಿಯಾಗುವ ದಿನಕ್ಕೆ ಕಾಯುತ್ತಿದ್ದೇನೆ ಎಂದು ಅಣ್ಣ ಹೇಳುತ್ತಿದ್ದ. ಇವೆಲ್ಲದರ ನಡುವೆ ಕಾಲೇಜಿನ ಓದು. ಅದರ ನಡುವೆ ಬೇರೆ ಓದು. ಓದಬೇಕೆಂದು ತಂದ ಪುಸ್ತಕಗಳ ರಾಶಿ ಮಂಚದ ಪಕ್ಕದಲ್ಲಿ ಶುರುವಾಗಿ, ಕುರ್ಚಿ ಹತ್ತಿ, ಕಿಟಕಿಯ ಅರ್ಧ ಬೆಳಕು ನುಂಗಿ, ಹೊರಡುವ ಮಾತೇ ಎತ್ತದ ನೆಂಟನ ಹಾಗೆ ಕೂತಿತ್ತು.

ಸೆಮಿನಾರಿನ ಕಾದಂಬರಿಯನ್ನು ಆ ರಾಶಿಯ ತುತ್ತತುದಿಯಲ್ಲಿ, ಕಣ್ಣಿಗೆ ಬೀಳಲೆಂದೇ ಇಟ್ಟಿದ್ದಳು. ನೀಲಿ ರಟ್ಟಿನ ಹಳೆಯ ಪುಸ್ತಕ, ಕಾಲೇಜು ಲೈಬ್ರರಿಯದ್ದು. ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಹಳೆಯ ಕಾದಂಬರಿ ಹಂಚಿ, ತರಗತಿಯ ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕೆಂದು ಹೇಳಿದ್ದರು. ಅವಳ ಸರದಿ ಬಂದ ದಿನ ಅವಳಿಗೆ ಜ್ವರ ಬಂದಿತ್ತು. ಎಂದರೆ, ಜ್ವರ ಬಂದಿದೆ ಎಂದು ಹೇಳಿಕಳಿಸಿದ್ದಳು. ಎರಡನೇ ಅವಕಾಶ ಇವತ್ತು. ಇದೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು. ಅವರು ಕನ್ನಡಕದ ಮೇಲಿಂದ ಹೇಳಿದ ಮಾತು ಯಾವತ್ತೂ ಬದಲಾದದ್ದಿಲ್ಲ.

ರಾಶಿಯನ್ನು ಕೆಡವಿದಳು, ಮಂಚದಡಿಗೆ ತೆವಳಿದಳು, ಹೆಣಿಗೆಯ ಬುಟ್ಟಿಯನ್ನು ತಲೆಕೆಳಗು ಮಾಡಿದಳು. ಸದ್ದು ಕೇಳಿ ಅಡುಗೆಮನೆಯಿಂದ ಬಂದ ಅಮ್ಮ, ಏನು ಹುಡುಕುತ್ತಿದ್ದೀಯೆಂದು ಕೇಳಿ, ಉತ್ತರ ಕೇಳಿ, ಸೆರಗಿಗೆ ಕೈ ಒರೆಸಿಕೊಂಡರು.

"ನೀಲೀದಾ? ಅದನ್ನ ಮೂರು ದಿನದ ಹಿಂದೇನೇ ನರ್ಸಮ್ಮನಿಗೆ ಕೊಟ್ಟೆ. ಕಾಲು ಉಳುಕಿಸಿಕೊಂಡು ಮಲಗಿದಾರೆ, ಓದೋಕೆ ಏನಾದ್ರೂ ಕೊಡಿ ಅಂದ್ರು. ನೀನು ಮೇಲಿಟ್ಟಿದ್ದನ್ನ ಯಾವತ್ತೂ ಓದಲ್ವಲ್ಲ, ಅದಕ್ಕೆ ಮೇಲಿಂದಾನೇ ತೆಗೆದುಕೊಟ್ಟೆ."

ಅಮ್ಮನ ತರ್ಕದಲ್ಲಿ ತಪ್ಪು ಹುಡುಕಲು ಚಡಪಡಿಗೆ ಪುರಸೊತ್ತಿರಲಿಲ್ಲ. ಕಾಲೇಜಿನ ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಅರ್ಧಂಬರ್ಧ ಮೆಟ್ಟಿ ಎದುರುಮನೆಗೆ ಓಡಿದಳು.

ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಆಸ್ಪತ್ರೆ ಅವರಿಂದ ನಿವೃತ್ತವಾಗಿರಲಿಲ್ಲ. ಬಂದವರ ನಾಲಿಗೆ ನೋಡದೆ ಅವರು ಮಾತು ಶುರುಮಾಡುತ್ತಿರಲಿಲ್ಲ. ದಿಂಬಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದ ಅವರ ಕೈಯಲ್ಲಿ ನೀಲಿ ರಟ್ಟು ಕಂಡು ಚಡಪಡಿಗೆ ಹೋದ ಜೀವ ಬಂದ ಹಾಗಾಯಿತು. ಹತ್ತಿರ ಹೋಗಿ ನೋಡಿದರೆ ಪುಸ್ತಕ ತೀರಾ ತೆಳ್ಳಗಾಗಿತ್ತು. ಬೆನ್ನಿಗೆ ಬಿಳಿ ಬ್ಯಾಂಡೇಜು ಸುತ್ತಿತ್ತು.

ಆದದ್ದಿಷ್ಟು. ಪುಸ್ತಕದ ಹೊಲಿಗೆ ಮೊದಲೇ ಬಿಟ್ಟುಕೊಂಡಿತ್ತು. ನರ್ಸಮ್ಮನನ್ನು ನೋಡಲು ಬಂದಿದ್ದ ಕೆಳಗಿನ ಅಂಗಡಿಯ ಟೈಲರ್ ಮಾಮನೂ ಮೇಲಿನ ಮನೆಯ ಕಂಡಕ್ಟರ್ ತಾತನೂ ತಮಗೂ ಓದಲು ಬೇಕೆಂದರು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುವುದು ಯಾಕೆಂದು ನರ್ಸಮ್ಮ ಕತ್ತರಿ ತರಿಸಿ ಪುಸ್ತಕವನ್ನು ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಬ್ಯಾಂಡೇಜು ಹಾಕಿ, ಮೊದಲನೆಯದನ್ನು ತಾವಿಟ್ಟುಕೊಂಡು, ನಡುವಿನದನ್ನು ಟೈಲರ್ ಮಾಮನಿಗೂ ಕೊನೆಯದನ್ನು ಕಂಡಕ್ಟರ್ ತಾತನಿಗೂ ಹಂಚಿದ್ದರು.

"ಒಂದು ಹನಿ ರಕ್ತ ಬಂದಿಲ್ಲ ನೋಡು," ಎಂದರು ನರ್ಸಮ್ಮ, ಹೆಮ್ಮೆಯಿಂದ.

ಚಡಪಡಿ ಕೈ ಚಾಚಿದಳು. ನರ್ಸಮ್ಮ ಕೊಡಲಿಲ್ಲ. ಇನ್ನು ನಾಲ್ಕೇ ಪುಟ ಉಳಿದಿದೆ ಎಂದು ಅವಳನ್ನು ಕೂರಿಸಿ, ನೀರು ಕಾಯಿಸಿ ತರಲು ಹೇಳಿ, ಆ ನೀರಿನಲ್ಲಿ ಕಾಲಿಗೆ ಶಾಖ ಕೊಡಿಸಿಕೊಳ್ಳುತ್ತಾ ನಾಲ್ಕು ಪುಟಗಳನ್ನು ನಾಲ್ಕು ಅಧ್ಯಾಯದಷ್ಟು ನಿಧಾನವಾಗಿ ಓದಿದರು. ನಡುವೆ ಕತೆಯನ್ನೂ ಹೇಳಿದರು. ಗಡಿಯಾರ ರಿಪೇರಿ ಮಾಡುವವನೊಬ್ಬ. ಅವನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ. ಅವನು ಉಣ್ಣುವುದಿಲ್ಲ, ಮಲಗುವುದಿಲ್ಲ, ಕಿಟಕಿಯಲ್ಲೇ ನಿಂತಿರುತ್ತಾನೆ.

"ಎಲ್ಲರೂ ಅದನ್ನ ವಿರಹ ಅಂತಾರೆ. ರಕ್ತಹೀನತೆ ಅದು. ಮೊದಲನೇ ಪುಟದಲ್ಲೇ ಉಗುರು ಬೆಳ್ಳಗಿದೆ ಅಂತ ಬರೆದಿದಾರೆ."

ಅಂತೂ ಮೊದಲ ಭಾಗ ಚೀಲ ಸೇರಿತು. ಚಡಪಡಿ ಮೆಟ್ಟಿಲಿಳಿದು ಟೈಲರ್ ಅಂಗಡಿಗೆ ಬಂದಳು. ಟೈಲರ್ ಮಾಮ ಕೆಲಸ ಮಾಡುತ್ತಲೇ ಮಾತಾಡುವ ಮನುಷ್ಯ. ಕೈ ನಿಂತರೆ ಮಾತೂ ನಿಲ್ಲುತ್ತಿತ್ತು, ಅವರ ಕೈ ನಿಲ್ಲುತ್ತಿರಲಿಲ್ಲ. ಪುಸ್ತಕ ಇಲ್ಲೇ ಎಲ್ಲೋ ಬಟ್ಟೆಗಳ ಅಡಿಯಲ್ಲಿದೆ, ಹುಡುಕಿಕೋ ಎಂದರು. ಅವಳು ಪ್ಯಾಂಟುಗಳ ಗುಡ್ಡ ಅಗೆದಳು, ರವಿಕೆಗಳ ಗುಡ್ಡ ಅಗೆದಳು. ಯಾರದ್ದೋ ಕೋಟನ್ನು ಎತ್ತಿದಾಗ, ನಿಂತಿದ್ದೀಯಲ್ಲ ಹಾಗೇ ಹಾಕಿಕೋ, ಇದನ್ನು ಹೊಲಿಯಲು ಕೊಟ್ಟ ಹುಡುಗಿ ನಿನ್ನಷ್ಟೇ ಎತ್ತರ ಎಂದು ಟೈಲರ್ ಮಾಮ ಅವಳಿಗೇ ಕೋಟು ತೊಡಿಸಿ, ಗುಂಡುಸೂಜಿ ಚುಚ್ಚತೊಡಗಿದರು. ಅಲುಗಾಡುವ ಹಾಗಿಲ್ಲ. ಜೀವಮಾನದಲ್ಲಿ ಮೊದಲ ಸಲ ಚಡಪಡಿ ಕಂಬದ ಹಾಗೆ ನಿಂತಳು. ಗೋಡೆಯ ಗಡಿಯಾರ ಮಾತ್ರ ಓಡುತ್ತಿತ್ತು.

ಗುಂಡುಸೂಜಿಗಳನ್ನು ಬಾಯಲ್ಲಿಟ್ಟುಕೊಂಡೇ ಟೈಲರ್ ಮಾಮ ನಡುವಿನ ಭಾಗದ ಕತೆ ಹೇಳಿದರು. ಹೆಂಡತಿ ಬಿಟ್ಟುಹೋದ ಕೋಟೊಂದು ಗಡಿಯಾರದವನಿಗೆ ಸಿಗುತ್ತದೆ. ಅದರ ಜೇಬಿಗೆ ಹೊಲಿಗೆಯೇ ಇಲ್ಲ, ಕೈ ಹಾಕಿದರೆ ನೇರ ಒಳಪದರಕ್ಕೆ, ಅಸ್ತರಿನೊಳಗೆ ಹೋಗುತ್ತದೆ.

"ಲೇಖಕನಿಗೆ ಹೊಲಿಗೆ ಗೊತ್ತಿಲ್ಲಮ್ಮ. ಆದ್ರೆ ಆ ಜೇಬು ಇದೆ ನೋಡು, ಅದನ್ನ ಓದಿದ ದಿನ ನಂಗೆ ಊಟ ಸೇರಲಿಲ್ಲ."

ನಡುವಿನ ಭಾಗ ಕೊನೆಗೂ ಸಿಕ್ಕಿತು; ಟೈಲರ್ ಮಾಮ ಬೆಳಗಿನಿಂದ ಅದರ ಮೇಲೇ ಕೂತಿದ್ದರು. ಆದರೆ ಅದರ ಜೊತೆಗೇ ಇನ್ನೊಂದು ಸುದ್ದಿಯೂ ಸಿಕ್ಕಿತು. ಕಂಡಕ್ಟರ್ ತಾತ ಮಗಳ ಊರಿಗೆಂದು ಬೆಳಗ್ಗೆಯೇ ರೈಲು ಹತ್ತಿದ್ದರು. ದಾರಿಯಲ್ಲಿ ಓದಲು ಕೊನೆಯ ಭಾಗ ಒಯ್ದಿದ್ದರು.

ಟೈಲರ್ ಮಾಮನಿಂದ ನಂಬರು ಪಡೆದು, ಕಾಲೇಜಿನ ಕಡೆ ಓಡುತ್ತಲೇ ಫೋನು ಮಾಡಿದಳು. ಕಂಡಕ್ಟರ್ ತಾತ ಸಂತೋಷವಾಗಿಯೇ ಎತ್ತಿದರು. ಪಕ್ಕದಲ್ಲಿ ಕೂತ ಹೆಂಗಸು ಬಹಳ ಒಳ್ಳೆಯವರೆಂದೂ, ರೈಲು ಸರಿಯಾದ ಸಮಯಕ್ಕೆ ಬಿಟ್ಟಿತೆಂದೂ ಹೇಳಿ ಆಮೇಲೆ ಕತೆಗೆ ಬಂದರು. ಗಡಿಯಾರದವನು ಆ ಕೋಟು ಹಾಕಿಕೊಂಡು ಬಸ್ಸು ಹತ್ತುತ್ತಾನೆ, ಟಿಕೆಟ್ ತೆಗೆಸುವುದಿಲ್ಲ, ಅಂಥವನನ್ನು ನಾನಾಗಿದ್ದರೆ ದಾರಿಯಲ್ಲೇ ಇಳಿಸುತ್ತಿದ್ದೆ ಎಂದರು. ಚಡಪಡಿ ಬೇಗ ಹೇಳಿ ತಾತ ಎಂದು ಅಂಗಲಾಚಿದಳು.

"ಬಸ್ಸಿಳಿದು ಒಂದು ಮನೆ ಮುಂದೆ ನಿಲ್ತಾನೆ. ಬಾಗಿಲು ತಟ್ಟಲ್ಲ, ಸುಮ್ನೆ ತಳ್ತಾನೆ. ತಳ್ಳಿ ನೋಡಿದ್ರೆ ಒಳಗೆ..."

ರೈಲು ಸುರಂಗ ಹೊಕ್ಕಿತೋ ಏನೋ, ಫೋನು ಕೊರ್ರೆಂದು ಸತ್ತುಹೋಯಿತು.

ತರಗತಿಯಲ್ಲಿ ಅವಳ ಹೆಸರು ಕರೆದಾಗ ಚಡಪಡಿ ಎದ್ದು ನಿಂತಳು. ಚೀಲದಲ್ಲಿ ಎರಡು ಭಾಗಗಳಿದ್ದವು, ಒಂದು ಸಾಲನ್ನೂ ಓದಿರಲಿಲ್ಲ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಬಾಯಿ ತೆರೆದಳು, ಆಮೇಲೆ ಬಾಯಿಯೇ ದಾರಿ ಹುಡುಕಿಕೊಂಡಿತು. ಈ ಕಾದಂಬರಿಯಲ್ಲಿ ದುಃಖ ಮನಸ್ಸಿನಲ್ಲಿಲ್ಲ, ಉಗುರಿನಲ್ಲಿದೆ ಎಂದಳು. ಹೊಲಿಗೆಯಿಲ್ಲದ ಜೇಬಿಗೆ ಕೈ ಹಾಕಿದ ಗಂಡಸು ಹೆಂಡತಿಯನ್ನು ಅಸ್ತರಿನವರೆಗೂ ಹುಡುಕುತ್ತಾನೆ ಎಂದಳು. ಬಸ್ಸಿನಲ್ಲಿ ಅವನು ಟಿಕೆಟ್ ಯಾಕೆ ತೆಗೆಸುವುದಿಲ್ಲವೆಂದರೆ ಎಲ್ಲಿ ಇಳಿಯಬೇಕೆಂದು ಅವನಿಗೇ ಗೊತ್ತಿಲ್ಲ ಎಂದಳು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ತಲೆ ಎತ್ತಿದರು. ಕೊನೆಗೆ ಬಾಗಿಲಿನ ಹತ್ತಿರ ಬಂದಾಗ ಅವಳ ಹತ್ತಿರ ಏನೂ ಉಳಿದಿರಲಿಲ್ಲ.

"ಅವನು ಬಾಗಿಲು ತಳ್ತಾನೆ," ಎಂದಳು. "ಕಾದಂಬರಿ ಅಲ್ಲಿಗೆ ಮುಗಿಯುತ್ತೆ. ಒಳಗೆ ಯಾರಿದ್ದಾರೆ ಅಂತ ಲೇಖಕರು ಹೇಳಲ್ಲ. ಈ ಕೃತಿಯ ದೊಡ್ಡಸ್ತಿಕೆ ಇರೋದೇ ಅಲ್ಲಿ."

ತರಗತಿ ಚಪ್ಪಾಳೆ ತಟ್ಟಿತು. ಮೇಷ್ಟ್ರು ತಟ್ಟಲಿಲ್ಲ. ಗಂಟೆ ಹೊಡೆದ ಮೇಲೆ ತಮ್ಮ ಕೋಣೆಗೆ ಬಾ ಎಂದಷ್ಟೇ ಹೇಳಿದರು.

ಕೋಣೆಯಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ಚಡಪಡಿ ಯಾವತ್ತೂ ನೋಡಿರಲಿಲ್ಲ; ಯಾರದೋ ಮನೆಗೆ ತಪ್ಪಿ ನುಗ್ಗಿದ ಹಾಗನಿಸಿತು.

"ಬಾಗಿಲ ಒಳಗೆ ಹೆಂಡತಿ ಇರ್ತಾಳೆ," ಎಂದರು ಮೇಷ್ಟ್ರು. "ಹೆಂಡತಿ ಅಣ್ಣ ಇರ್ತಾನೆ, ಒಬ್ಬ ಡಾಕ್ಟ್ರು ಇರ್ತಾರೆ. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಉದ್ದುದ್ದ ಭಾಷಣ ಮಾಡ್ತಾರೆ. ನೀನು ಪುಸ್ತಕ ಓದಿಲ್ಲ."

ಓದಿದ್ದೇನೆ, ಆದರೆ ಅವಸರದಲ್ಲಿ ಎಂದು ಚಡಪಡಿ ತೊದಲಿದಳು.

"ಕೊನೆವರೆಗೂ ಓದಿದವರು ಯಾರೂ ಅದನ್ನ ಹೊಗಳಿಲ್ಲಮ್ಮ. ನೀನು ಹೊಗಳಿದೆ. ಅಲ್ಲೇ ಗೊತ್ತಾಯ್ತು. ಅದನ್ನ ಬರೆದೋನು ನಾನು."

ರಟ್ಟಿನ ಮೇಲಿದ್ದದ್ದು ಅವರ ಕಾವ್ಯನಾಮ. ಮದುವೆಗೂ ಮೊದಲು ಬರೆದದ್ದು. ಮನೆಯಲ್ಲಿದ್ದ ಪ್ರತಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಬೇಸರವಿಲ್ಲದೆ ಕೊನೆವರೆಗೆ ಹೋದದ್ದು ಗೆದ್ದಲೊಂದೇ ಎಂದು ಮೇಷ್ಟ್ರು ನಗದೆ ಹೇಳಿದರು. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ಸುಮ್ಮನೆ ಅದನ್ನು ಕೊಟ್ಟು ನೋಡುತ್ತಿದ್ದರಂತೆ. ಎಲ್ಲರೂ ಆ ಭಾಷಣಗಳ ಹತ್ತಿರ ಬಂದು ಮೂಗು ಮುರಿಯುತ್ತಿದ್ದರು. ಇವತ್ತು ಅವಳ ಮಾತು ಕೇಳಿದ ಮೇಲೆ ಇಷ್ಟು ವರ್ಷ ಹೊಳೆಯದಿದ್ದದ್ದು ಅವರಿಗೆ ಹೊಳೆದಿತ್ತು. ಭಾಷಣ ತೆಗೆದುಹಾಕಿ, ಬಾಗಿಲಿನ ಹತ್ತಿರವೇ ಕತೆ ನಿಲ್ಲಿಸಿ, ಮತ್ತೆ ಅಚ್ಚುಹಾಕಿಸಬೇಕು. ಪ್ರಕಾಶಕರು ಅವರ ಹಳೆಯ ಸ್ನೇಹಿತರೇ.

"ಓದದೆ ಇಷ್ಟು ಹೇಳಿದೀಯ. ಅದಕ್ಕೆ ಪೂರ್ತಿ ಅಂಕ ಕೊಡ್ತೀನಿ," ಎಂದರು. "ಲೈಬ್ರರಿ ಪ್ರತಿ ಒಂದೇ ಉಳಿದಿರೋದು. ನಾಳೆ ಅದನ್ನ ತಂದು ನನ್ನ ಕೈಗೆ ಕೊಡು, ಸಾಕು."

ಚಡಪಡಿ ಚೀಲವನ್ನು ಎದೆಗವಚಿಕೊಂಡಳು. ಒಳಗೆ ಬ್ಯಾಂಡೇಜು ಸುತ್ತಿದ ಎರಡು ಭಾಗಗಳು ಕೈಗೆ ತಗುಲಿದವು. ಹೇಗೂ ಕೊನೆಯ ಭಾಗ ಅವರಿಗೆ ಬೇಡವಲ್ಲ, ಇವೆರಡನ್ನು ಹೊಲಿಸಿ ಕೊಟ್ಟರಾಯಿತು, ಟೈಲರ್ ಮಾಮನೇ ಹೊಲಿದಾರು ಎಂದು ಲೆಕ್ಕ ಹಾಕಿದಳು. ಬೆಳಗಿನಿಂದ ಮೊದಲ ಸಲ ಅವಳಿಗೆ ಉಸಿರು ನೆಟ್ಟಗೆ ಬಂತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಂಡಕ್ಟರ್ ತಾತ. ಬಸ್ಸಿನಲ್ಲಿ ಕೂಗಿ ಕೂಗಿ ಬೆಳೆದ ದನಿ. ಕಿವಿಗೆ ಎಷ್ಟು ಒತ್ತಿ ಹಿಡಿದರೂ ಕೋಣೆಯ ತುಂಬಾ ಕೇಳಿಸಿತು.

"ಮುಗಿಸಿದೆ ಕಣಮ್ಮ ನಿನ್ನ ಪುಸ್ತಕಾನ. ಆ ಡಾಕ್ಟ್ರು ಭಾಷಣ ಮಾಡ್ತಾರಲ್ಲ, ಏನು ಮಾತು ಅದು. ಅತ್ತುಬಿಟ್ಟೆ. ಇಲ್ಲಿರೋರಿಗೆಲ್ಲ ಎರಡೆರಡು ಸಲ ಓದಿ ಹೇಳಿದೆ."

ಮೇಷ್ಟ್ರು ಎದ್ದು ನಿಂತರು. ಕನ್ನಡಕಕ್ಕೆ ತಡಕಾಡಿದ ಕೈ ಮಸಿಬಾಟಲಿಯನ್ನು ಉರುಳಿಸಿತು, ಅದು ಅವರಿಗೆ ಕಾಣಲಿಲ್ಲ. ಚಡಪಡಿ ಫೋನಿನೊಂದಿಗೆ ಹೊರಗೋಡಿ, ಬಾಗಿಲ ಮರೆಯಲ್ಲಿ ನಿಂತು ಪಿಸುಗುಟ್ಟಿ, ಆ ಭಾಗವನ್ನು ಜೋಪಾನ ಮಾಡಿ ಎಂದು ಬೇಡಿಕೊಂಡಳು. ತಾತನೂ ಈಗ ದನಿ ತಗ್ಗಿಸಿದರು. ಪಕ್ಕದ ಹೆಂಗಸು ಅದನ್ನು ಕೊಡಿ ಎಂದು ಅಷ್ಟೊಂದು ಅತ್ತು ಕೇಳಿದರೆಂದೂ, ಇಲ್ಲವೆನ್ನಲು ಮನಸ್ಸು ಬರಲಿಲ್ಲವೆಂದೂ, ಅವರು ಅದನ್ನು ಹಿಡಿದುಕೊಂಡು ಹಿಂದಿನ ಸ್ಟೇಷನ್ನಿನಲ್ಲೇ ಇಳಿದುಹೋದರೆಂದೂ ಹೇಳಿದರು. ಹೆಸರು, ವಿಳಾಸ ಕೇಳಲು ಮರೆತಿದ್ದರು.

ಅವಳು ಒಳಗೆ ಬಂದಾಗ ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಟು ನಿಂತಿದ್ದರು. ಅವರು ನಗುತ್ತಿದ್ದರು.

"ನಿನ್ನ ಬಾಗಿಲು ಬೇಡಮ್ಮ," ಎಂದರು. "ಭಾಷಣ ಹಾಗೇ ಇರಲಿ. ಒಂದಕ್ಷರಾನೂ ತೆಗೆಯಲ್ಲ. ನಿಮ್ಮ ತಾತ ಓದಿ ಮುಗಿಸಿದಾರಲ್ಲ, ನಡಿ, ನಾಳೆವರೆಗೆ ಯಾಕೆ, ಈಗಲೇ ನಿಮ್ಮನೆಗೆ ಹೋಗೋಣ. ಆ ಕೊನೇ ಭಾಗ ಒಂದನ್ನ ಕಣ್ಣಾರೆ ನೋಡ್ಬೇಕು."