ಮೂಗೂರಿನಿಂದ ಇಂಟರ್‌ನ್ಯಾಷನಲ್ ಬಿಸಿನೆಸ್

ನಾನು ಎಂ.ಬಿ.ಎ.ಯಲ್ಲಿ ಓದಿದ್ದು ಇಂಟರ್‌ನ್ಯಾಷನಲ್ ಬಿಸಿನೆಸ್ ಎಂದು ಬಾಯಿಬಿಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದವರೊಬ್ಬರು, 'ಹಾಗಾದ್ರೆ ದುಬೈಗೆ ಟಿಕೆಟ್ಟು ಎಲ್ಲಿ ಚೀಪಾಗಿ ಸಿಗುತ್ತೆ ಮೇಡಂ?' ಎಂದು ಕೇಳಿದರು. ಈಗ ನಾನಿರುವುದು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಎಕ್ಸ್‌ಪೋರ್ಟ್ ಸೆಕ್ಷನ್ನಿನಲ್ಲಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಮೈಸೂರಿನಲ್ಲಿ ಓದಿದ ಆ ಎರಡು ವರ್ಷ ನೆನಪಾಗಿ ಒಬ್ಬಳೇ ನಗುತ್ತೇನೆ. ಪಕ್ಕದಲ್ಲಿ ಕೂತವರು ಏನು ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಊರಿಗೆ ತಲುಪಿದ ಸುದ್ದಿ

ಸೀಟು ಸಿಕ್ಕಿದ ದಿನ ಮೂಗೂರಿನ ಮನೆಯಲ್ಲಿ ಅಪ್ಪ ಕೋರ್ಸಿನ ಹೆಸರನ್ನು ಮೂರು ಸಲ ಹೇಳಿಸಿಕೊಂಡ. ನಾಲಿಗೆ ಹೊರಳಲಿಲ್ಲ.

'ಕನ್ನಡದಲ್ಲಿ ಏನಂತಾರವ್ವ ಅದ?'

'ಅಂತಾರಾಷ್ಟ್ರೀಯ ವ್ಯವಹಾರ.'

ಡೈರಿಗೆ ಹಾಲು ಹಾಕಲು ಹೋದ ಅಪ್ಪ ಅಲ್ಲಿದ್ದವರಿಗೆಲ್ಲ ಹೇಳಿದ. ಡೈರಿಯಿಂದ ನಮ್ಮ ಬೀದಿಗೆ ಬರುವಷ್ಟರಲ್ಲಿ 'ಅಂತಾರಾಷ್ಟ್ರೀಯ' ದಾರಿಯಲ್ಲೇ ಉದುರಿಹೋಗಿ, ಬರಿ 'ವ್ಯವಹಾರ' ಉಳಿದಿತ್ತು. ನಮ್ಮ ಕಡೆ ವ್ಯವಹಾರ ಅಂದರೆ ಕೋರ್ಟು, ಪಹಣಿ, ಬದುವಿನ ಜಗಳ. ಮಾರನೆಯ ಬೆಳಿಗ್ಗೆ ಎದುರುಮನೆ ತಾತ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಸರ್ವೆ ನಕ್ಷೆ ಎಲ್ಲ ತಂದು ಜಗಲಿಯ ಮೇಲೆ ಹರವಿದರು.

'ಇದ ಒಸಿ ನೋಡವ್ವ. ನನ್ನ ಬದುನೇ ಉತ್ಕೊಂಡವ್ನೆ ಪಕ್ಕದ ಜಮೀನೋನು.'

'ತಾತ, ನಾನು ಲಾಯರ್ ಓದ್ತಿಲ್ಲ. ನಮ್ದು ಹೊರಗಿನವರ ಜೊತೆ ಮಾಡೋ ವ್ಯವಹಾರ.'

ತಾತ ನಕ್ಷೆಯನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದರು.

'ಸರಿಯಾಯ್ತು ಬುಡು. ಅವ್ನೂ ನಮ್ಮೂರೋನಲ್ಲ, ಕೊಳ್ಳೇಗಾಲದ ಕಡೆಯೋನು.'

ಜರ್ಮನಿಗೆ ರಸಬಾಳೆ

ಎರಡನೇ ಸೆಮಿಸ್ಟರಿನಲ್ಲಿ, ನಮ್ಮ ಕಡೆಯ ಒಂದು ಪದಾರ್ಥವನ್ನು ಹೊರದೇಶಕ್ಕೆ ಕಳಿಸುವುದು ಹೇಗೆ ಎಂದು ಯೋಜನೆ ತಯಾರಿಸಬೇಕಿತ್ತು. ನನಗೆ ಜೋಡಿಯಾದವಳು ನಂಜನಗೂಡಿನ ಗೆಳತಿ. ಊರಭಿಮಾನ ಜಾಸ್ತಿ ಅವಳಿಗೆ, ರಸಬಾಳೆ ಬಿಟ್ಟು ಬೇರೆ ಹೆಸರು ಎತ್ತಲು ಬಿಡಲಿಲ್ಲ. ಜರ್ಮನಿಗೆ ಕಳಿಸುವುದೆಂದು ತೀರ್ಮಾನಿಸಿ ನಲವತ್ತು ಸ್ಲೈಡು ಮಾಡಿದೆವು. ಅಸಲಿ ರಸಬಾಳೆ ಈಗ ಸಿಗುವುದೇ ಅಪರೂಪ. ಅವಳ ಸೋದರಮಾವ ತೋಟದಿಂದ ಎರಡು ಚಿಪ್ಪು ಕೊಟ್ಟರು. ಹಿಂದಿನ ದಿನವೇ ಹೋಗಿ ಅವಳ ಮನೆಯಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಇಬ್ಬರೂ ಮೈಸೂರಿನ ರೈಲು ಹತ್ತಿದೆವು.

ರಸಬಾಳೆಯನ್ನು ಚೀಲದಲ್ಲಿ ಮುಚ್ಚಿಡಬಹುದು, ಅದರ ಘಮವನ್ನು ಮುಚ್ಚಿಡಲಾಗದು. ಕಡಕೊಳ ಬರುವಷ್ಟರಲ್ಲಿ ಬೋಗಿಯ ಅರ್ಧ ಜನ ನಮ್ಮ ಕಡೆ ತಿರುಗಿದ್ದರು. ಎದುರಿಗಿದ್ದ ಅಜ್ಜಿ, 'ನಂಜನಗೂಡು ಹಣ್ಣಲ್ವಾ ಮಗಳೇ? ನಮ್ಮ ಯಜಮಾನ್ರು ಇದ್ದಾಗ ತರ್ತಿದ್ರು. ಬಾಯಿಗಿಟ್ಟು ಎಷ್ಟು ಕಾಲವಾಯ್ತೋ' ಎಂದರು. ಕೊಡದೆ ಇರುವುದು ಹೇಗೆ? ಅಜ್ಜಿಗೆ ಕೊಟ್ಟ ಮೇಲೆ ಪಕ್ಕದ ಬಸುರಿ ಹೆಂಗಸಿಗೆ ಕೊಡದೆ ಇರುವುದು ಹೇಗೆ? ಮೈಸೂರು ಮುಟ್ಟುವ ಮುಂಚೆ ಸಿಗುವ ಅಶೋಕಪುರಂನಲ್ಲಿ ಇಳಿಯಲು ಕಂಬಿ ಹಿಡಿದು ನಿಂತಿದ್ದವರೊಬ್ಬರು ತಾವಾಗಿಯೇ ಒಂದು ಕಿತ್ತುಕೊಂಡು ತಿಂದು, 'ಅಸಲಿ ಮಾಲು' ಎಂದು ಸರ್ಟಿಫಿಕೇಟ್ ಕೊಟ್ಟರು.

ಕ್ಲಾಸಿಗೆ ಬಂದು ಚೀಲ ತೆಗೆದರೆ ಉಳಿದಿದ್ದು ಒಂದೇ ಹಣ್ಣು. ನಮ್ಮ ಪ್ರೊಫೆಸರ್ ರೈಲಿನ ಕಥೆ ಕೇಳಿಸಿಕೊಂಡು, ನಲವತ್ತು ಸ್ಲೈಡನ್ನೂ ತಾಳ್ಮೆಯಿಂದ ನೋಡಿದರು. ಆಮೇಲೆ ಆ ಒಂದು ಹಣ್ಣನ್ನು ಸುಲಿದು ತಿನ್ನುತ್ತಾ ಕೇಳಿದರು:

'ಎಲ್ಲ ಚೆನ್ನಾಗಿದೆ. ಅಶೋಕಪುರಂ ಸ್ಟೇಷನ್ ದಾಟಿಸೋಕಾಗದ ಹಣ್ಣನ್ನ ಜರ್ಮನಿಗೆ ಹೇಗಮ್ಮ ಮುಟ್ಟಿಸ್ತೀರಿ?'

ಕೈ ಕೊಡುವುದೋ, ಮುಗಿಯುವುದೋ

ಹೊರದೇಶದವರ ರೀತಿನೀತಿ ಕಲಿಯಲು ಪುಸ್ತಕ ಸಾಲದು, ಹೋಗಿ ನಾಲ್ಕು ಮಾತಾಡಿ ಬನ್ನಿ ಎಂದು ಪ್ರೊಫೆಸರ್ ಅಪ್ಪಣೆ ಕೊಡಿಸಿದರು. ನಮಗೆ ಹತ್ತಿರದಲ್ಲಿ ಫಾರಿನರ್‌ಗಳು ಸಿಗುವ ಜಾಗ ಸೋಮನಾಥಪುರ. ನಾನೂ ಗೆಳತಿಯೂ ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹೋಗಿ, ದೇವಸ್ಥಾನದ ಹೊರಗೆ ಎಳನೀರು ಮಾರುವ ಹೆಂಗಸಿನ ಪಕ್ಕ ಕಾದು ನಿಂತೆವು. ಬಸ್ಸಿನಲ್ಲೆಲ್ಲ ನಾನು ಕೈಕುಲುಕುವುದನ್ನೇ ಪ್ರಾಕ್ಟೀಸ್ ಮಾಡಿದ್ದೆ. ತೀರಾ ಸಡಿಲ ಇರಬಾರದು, ತೀರಾ ಬಿಗಿ ಇರಬಾರದು ಅಂತ ನೋಟ್ಸಿನಲ್ಲಿತ್ತು.

ಬಿಳಿ ಕೂದಲಿನ ವಿದೇಶಿ ಹೆಂಗಸೊಬ್ಬರು ಎಳನೀರು ಕುಡಿಯಲು ಬಂದರು. ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರು ಎರಡೂ ಕೈ ಜೋಡಿಸಿ ತಲೆ ಬಾಗಿಸಿಬಿಟ್ಟಿದ್ದರು. ನಾಚಿಕೆಯಾಗಿ ನಾನೂ ಕೈ ಜೋಡಿಸಿದೆ. ಅಷ್ಟರಲ್ಲಿ ಅವರು ನಾನು ಮೊದಲು ಚಾಚಿದ್ದ ಕೈ ನೋಡಿ ತಮ್ಮ ಕೈ ಚಾಚಿದ್ದರು. ನಾನು ಮತ್ತೆ ಚಾಚುವಾಗ ಅವರು ಮತ್ತೆ ಮುಗಿದರು. ಅವರೂ ಬರುವ ಮುಂಚೆ ಎಲ್ಲೋ ನೋಟ್ಸು ಓದಿದ್ದರೆಂದು ಕಾಣುತ್ತದೆ. ಹೀಗೆ ಮೂರು ಸುತ್ತು ಆಯಿತು.

ಕೊಚ್ಚಿದ ಎಳನೀರು ಹಿಡಿದು ನಿಂತಿದ್ದ ಹೆಂಗಸಿಗೆ ಸಾಕಾಯಿತು.

'ಯಾರಾದ್ರೂ ಒಬ್ರು ಕೈ ಕೊಡಿ ಕಣ್ರವ್ವ, ಕಾಯಿ ಯಾರ್ ಕೈಗೆ ಕೊಡ್ಲಿ ನಾನು?'

ಕೊಟ್ಟಿಗೆ ಬಾಗಿಲಿನ ಮಾತುಕತೆ

ಕೊನೆಯ ಸೆಮಿಸ್ಟರಿನಲ್ಲಿ ಹೊರದೇಶದ ಒಂದು ಯೂನಿವರ್ಸಿಟಿಯ ವಿದ್ಯಾರ್ಥಿಗಳ ಜೊತೆ ಆನ್‌ಲೈನಿನಲ್ಲಿ ಅಣಕು ಮಾತುಕತೆ ಇಟ್ಟಿದ್ದರು. ಅವರು ಯಂತ್ರ ಮಾರುವವರು, ನಾವು ಕೊಳ್ಳುವವರು. ಅವರಿಂದ ರೇಟು ಇಳಿಸಿಕೊಂಡರೆ ಮಾರ್ಕ್ಸು, ಇಲ್ಲದಿದ್ದರೆ ಇಲ್ಲ. ಮೊದಲ ಸುತ್ತಿನಲ್ಲಿ ನಾವಿಬ್ಬರೂ ಮರ್ಯಾದೆಗೆ ಎಲ್ಲದಕ್ಕೂ 'ಓಕೆ, ಥ್ಯಾಂಕ್ ಯೂ' ಅಂದು ಸೋತು ಸುಣ್ಣವಾಗಿದ್ದೆವು. ಎರಡನೇ ಸುತ್ತೂ ಹೋದರೆ ಆ ಪೇಪರೇ ಹೋದಂತೆ.

ಅವತ್ತು ರಜೆ ಇದ್ದುದರಿಂದ ಗೆಳತಿ ನಂಜನಗೂಡಿನಲ್ಲಿ, ನಾನು ಮೂಗೂರಿನಲ್ಲಿ. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುತ್ತಿದ್ದುದು ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ. ಈಗ ಅಲ್ಲಿ ನನ್ನ ಸ್ಕೂಟರ್ ನಿಲ್ಲುತ್ತದೆ. ಆಗ ಹಸು ಇತ್ತು. ಸಂಜೆ ಐದಕ್ಕೆ ಅಲ್ಲೇ ಸ್ಟೂಲು ಹಾಕಿಕೊಂಡು, ಹಿಂದೆ ಸುಣ್ಣ ಬಳಿದ ಗೋಡೆ ಮಾತ್ರ ಕಾಣುವ ಹಾಗೆ ಲ್ಯಾಪ್‌ಟಾಪ್ ಇಟ್ಟೆ. ಪ್ರೊಫೆಸರ್ ಮೂಲೆಯ ಚೌಕದಲ್ಲಿ ಕೂತು ನೋಡುತ್ತಿದ್ದರು.

'ಇದೇ ನಮ್ಮ ಕೊನೆಯ ರೇಟು' ಎಂದರು ಆ ಕಡೆಯವರು. ಹೇಳಬೇಕೆಂದು ಬಾಯಿಪಾಠ ಮಾಡಿದ್ದ ಇಂಗ್ಲಿಷೆಲ್ಲ ನನಗೆ ಮರೆತುಹೋಯಿತು. ನೋಟ್ಸಿನ ಹಾಳೆ ತಿರುವತೊಡಗಿದೆ. ತನ್ನ ಚೌಕದಲ್ಲಿ ಗೆಳತಿಯೂ ಹಾಳೆ ತಿರುವುತ್ತಿದ್ದಳು.

ಆಗಲೇ ಅಪ್ಪ ಕೊಟ್ಟಿಗೆಯ ಒಳಗಿಂದ ಬಂದು ನನ್ನ ಬೆನ್ನ ಹಿಂದೆ ನಿಂತ. ಬಿಳಿ ಶರ್ಟು, ಹೆಗಲ ಮೇಲೆ ಟವಲ್ಲು. ಸ್ಕ್ರೀನನ್ನೇ ಒಂದು ಗಳಿಗೆ ನೋಡಿ, ಮುಖ ಸಪ್ಪಗೆ ಮಾಡಿಕೊಂಡು, ನಿಧಾನಕ್ಕೆ ಎರಡು ಸಲ ತಲೆ ಅಡ್ಡಡ್ಡ ಆಡಿಸಿ, ಉಸಿರು ಬಿಟ್ಟು ಹೊರಟುಹೋದ.

ಆ ಕಡೆ ಗುಸುಗುಸು ಶುರುವಾಯಿತು. 'ಈಗ ಬಂದು ಹೋದ ಹಿರಿಯರು ಯಾರು?' ಎಂದು ಕೇಳಿದರು. ಸುಳ್ಳು ಹೇಳಲು ಬರದೆ, 'ಇಲ್ಲಿ ಎಲ್ಲದಕ್ಕೂ ಅವರೇ ಯಜಮಾನರು' ಎಂದೆ. ಎರಡು ನಿಮಿಷ ಕೊಡಿ ಎಂದು ಮಾಯವಾದರು. ತಿರುಗಿ ಬಂದವರು ರೇಟು ಇಳಿಸಿದ್ದಲ್ಲದೆ, ಒಂದು ವರ್ಷ ಸರ್ವೀಸೂ ಫ್ರೀ ಎಂದರು.

ಮುಗಿದ ಮೇಲೆ ಪ್ರೊಫೆಸರ್ ಫೋನ್ ಮಾಡಿದರು. 'ಆ ಹಿರಿಯರನ್ನ ಎಲ್ಲಿಂದ ಕರೆಸಿದ್ರಮ್ಮ? ಮಾತೇ ಆಡದೆ ಹೊರಟು ಹೋಗೋದಿದೆಯಲ್ಲ, ಅದನ್ನ ನಾನು ಎರಡು ವರ್ಷ ಹೇಳಿಕೊಟ್ರೂ ನಿಮಗೆ ಬರಲಿಲ್ಲ.'

ಓಡಿಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹಾಲು ಕರೆಯುವ ಬಕೆಟ್ಟನ್ನು ಖಾಲಿಯಾಗಿಯೇ ಮುಂದಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. ಪೂರ್ತಿ ಕೇಳಿಸಿಕೊಂಡು, ಬಕೆಟ್ಟನ್ನೊಮ್ಮೆ ನನ್ನನ್ನೊಮ್ಮೆ ನೋಡಿದ.

'ಅಸ ಆಲು ಇಳಿಸ್ನಿಲ್ಲ ಅಂತ ನಾನು ತಲೆ ಆಡ್ಸುದ್ರೆ, ಅವರ್ಯಾಕವ್ವ ರೇಟು ಇಳಿಸ್ಬುಟ್ರು?'