ಮ್ಯೂನಿಕ್‌ನಲ್ಲಿ ಬೀಗರಿಗೆ ಊಟ

ಹೊರಗೆ ಊಟಕ್ಕೆ ಹೋದರೆ ನನಗೆ ಏನಾದರೊಂದು ಆಗಿಯೇ ತೀರುತ್ತೆ. ಅಮೆರಿಕದಲ್ಲಿ ನಮ್ಮ ಮನೆ ಹತ್ತಿರದ ಓಕ್ ಬ್ರೂಕ್‌ನಲ್ಲಿ ಆಗುತ್ತೆ, ಇಟಾಸ್ಕಾದಲ್ಲಿ ಆಫೀಸಿನ ಪಕ್ಕದಲ್ಲೇ ಆಗುತ್ತೆ. ಮನೆಯ ಅನ್ನ ಸಾರೇ ಸಾಕಪ್ಪಾ ಅಂತ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಸುಮ್ಮನೆ ಬಿದ್ದಿದ್ದವನನ್ನು ಈ ವಯಸ್ಸಿನಲ್ಲಿ ಮ್ಯೂನಿಕ್‌ಗೆ ಎಳೆದು ತಂದದ್ದು ಮಗಳು. ಕೆಲಸಕ್ಕೆ ಅಂತ ಅಲ್ಲಿಗೆ ಹೋದವಳು ಅಲ್ಲಿಯ ಹುಡುಗನನ್ನೇ ಮೆಚ್ಚಿಕೊಂಡಿದ್ದಳು. ಹುಡುಗ ಒಳ್ಳೆಯವನು, ನಾನು ಆಗಲೇ ಹೂಂ ಅಂದುಬಿಟ್ಟಿದ್ದೆ. ನನ್ನಾಕೆ ಅನ್ನಲಿಲ್ಲ.

"ಅವನ ಅಪ್ಪ ಅಮ್ಮನ್ನ ನೋಡ್ದೆ ನಾನು ಒಪ್ಪಲ್ಲ ರೀ. ಆ ಮನೇಲಿ ನಮ್ಮ ಮಗೂನ ಊಟ ಆಯ್ತಾ ಅಂತ ಕೇಳೋರು ಇದಾರೋ ಇಲ್ವೋ!"

ಸರಿ, ಶನಿವಾರ ಸಂಜೆ ಬೀಗರಾಗುವವರನ್ನು ಒಂದು ಹೋಟೆಲಿಗೆ ಕರೆದು ನಾವೇ ಊಟ ಹಾಕೋದು, ಆಮೇಲೆ ನನ್ನಾಕೆ ಹೂಂ ಅಥವಾ ಊಹೂಂ ಅನ್ನೋದು ಅಂತ ತೀರ್ಮಾನವಾಯ್ತು. ಹೋಟೆಲ್ ಹುಡುಕೋ ಕರ್ಮ ನನ್ನ ತಲೆಗೆ ಬಿತ್ತು.

ನಾಲ್ಕನೇ ಮಾಳಿಗಿ

ಡೆಟ್ರಾಯಿಟ್ ಕಡೆ ನಮ್ಮ ಸ್ನೇಹಿತರೊಬ್ಬರಿದ್ದಾರೆ, ಹುಬ್ಬಳ್ಳಿಯವರು. ಕಾರಿನ ಬಿಡಿಭಾಗದ ಕಂಪನಿ, ವರ್ಷಕ್ಕೆ ನಾಲ್ಕು ಸಲ ಮ್ಯೂನಿಕ್ ಪ್ರಯಾಣ. ಹೊರಡೋ ಮುಂಚೆ ಅವರಿಗೇ ಫೋನ್ ಮಾಡಿದೆ.

"ಏನೂ ಚಿಂತಿ ಮಾಡಬ್ಯಾಡ್ರಿ," ಅಂದರು. "ಮ್ಯೂನಿಕ್‌ನಾಗ ನಮ್ಮಂಥೋರಿಗೆ ಛಲೋ ಊಟ ಸಿಗೋದು ಒಂದ ಕಡೆ. ಸ್ಟೇಷನ್ ಬಾಜೂಕ ಒಂದು ಹೋಟೆಲ್ ಐತಿ, ನಾಲ್ಕನೇ ಮಾಳಿಗಿ."

ನಾನು ಪೆನ್ನು ತಗೊಂಡು ಬರೆದುಕೊಂಡೆ. "ರೆಸ್ಟೋರೆಂಟ್ ಮೇಲ್ಗಡೆ ಇದೆಯಾ ಸಾರ್?"

"ರೆಸ್ಟೋರೆಂಟ್ ಎಲ್ಲೀದ್ರೀ? ನಾ ಇಳಕೊಳ್ಳೋ ರೂಮ್ ಅದು. ಮೈಕ್ರೋವೇವ್ ಐತಿ!"

ಖಾಲಿ ಟೇಬಲ್

ಬುಧವಾರ ಬೆಳಗ್ಗೆ ಬಂದಿಳಿದೆವು. ನಿದ್ದೆಯಿಲ್ಲ, ಮಂಡಿ ನೋವು ಬೇರೆ. ಮಗಳು ಆಫೀಸಿಗೆ ಹೋದಳು. ನಾವಿಬ್ಬರು ಶನಿವಾರಕ್ಕೆ ಜಾಗ ನೋಡೋಣ ಅಂತ ಒಂದು ಹಳೇ ಹೋಟೆಲಿಗೆ ನುಗ್ಗಿದೆವು. ಎಲ್ಲ ಭರ್ತಿ, ಮೂಲೆಯ ದೊಡ್ಡ ಟೇಬಲ್ ಮಾತ್ರ ಖಾಲಿ. ಅದರ ಮೇಲೊಂದು ಹಿತ್ತಾಳೆ ಫಲಕವಿತ್ತು. ಏನೋ ಅಲಂಕಾರಕ್ಕಿಟ್ಟಿದ್ದಾರೆ ಅಂದುಕೊಂಡು ಪಕ್ಕಕ್ಕೆ ಸರಿಸಿ ಕೂತೆವು.

ಸ್ವಲ್ಪ ಹೊತ್ತಿಗೆ ನಾಲ್ಕು ಜನ ಮುದುಕರು ಬಂದು ನಮ್ಮ ಮುಂದೆ ನಿಂತರು. ಒಮ್ಮೆ ಟೇಬಲ್ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. ನನ್ನಾಕೆಗೆ ಕರುಳು ಚುರ್ ಅಂತು. "ಪಾಪ, ವಯಸ್ಸಾದೋರು, ಜಾಗ ಇಲ್ಲ. ಸ್ವಲ್ಪ ಸರ್ಕೊಳ್ರೀ, ಅಡ್ಜಸ್ಟ್ ಮಾಡ್ಕೊಳ್ಳೋಣ," ಅಂದವಳೇ ಅವರ ಕಡೆ ತಿರುಗಿ, "ಕಮ್, ಕಮ್, ಸಿಟ್, ಸಿಟ್!" ಅಂತ ಕರೆದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು.

ನಾವು ಹೊರಡುವಾಗ ಅವರಲ್ಲೊಬ್ಬರು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದರು: "ತುಂಬಾ ಧನ್ಯವಾದ ಮೇಡಂ. ಇದು ನಮ್ಮ ಟೇಬಲ್, ಆ ಫಲಕದಲ್ಲಿರೋದೂ ಅದೇ. ಮೂವತ್ತು ವರ್ಷದಿಂದ ದಿನಾ ಇಲ್ಲೇ ಕೂರುತ್ತೇವೆ. ಬನ್ನಿ ಕೂತುಕೊಳ್ಳಿ ಅಂತ ಯಾರಾದರೂ ಹೇಳಿದ್ದು ಇವತ್ತೇ ಮೊದಲು."

ಶಾವಿಗೆ

ಶುಕ್ರವಾರ ಐದು ಹೋಟೆಲ್ ಸುತ್ತಿದರೂ ಸರಿಯಾದದ್ದು ಸಿಗಲಿಲ್ಲ. ಎಲ್ಲಿ ಕೇಳಿದರೂ "ವೆಜಿಟೇರಿಯನ್ ಇದೆ" ಅನ್ನೋರು, ತಟ್ಟೆ ಬಂದರೆ ಅದರಲ್ಲಿ ಚೂರು ಚೂರು ಮಾಂಸ. "ಅದು ರುಚಿಗೆ ಅಷ್ಟೇ" ಅನ್ನೋರು. ಹಸಿದು ಹಸಿದು ನನ್ನಾಕೆ ಒಂದು ಅಂಗಡಿಯ ಮುಂದೆ ನಿಂತುಬಿಟ್ಟಳು. ಬೋರ್ಡಿನಲ್ಲಿ ದೊಡ್ಡ ಚಿತ್ರ: ತಟ್ಟೆ ತುಂಬ ಶಾವಿಗೆ, ಮೇಲೆ ಕೆಂಪು ಟೊಮೇಟೊ ಗೊಜ್ಜು, ಅದರ ಮೇಲೆ ತುರಿದ ಚೀಸು. "ಸದ್ಯ, ಇದರಲ್ಲಿ ಯಾವ ಪ್ರಾಣೀನೂ ಕಾಣ್ತಿಲ್ಲ," ಅಂತ ಬೆರಳು ತೋರಿಸಿ ಆರ್ಡರ್ ಮಾಡಿದಳು.

ತಟ್ಟೆ ಬಂತು. ಇಲ್ಲಿಯ ಊಟ ಸಪ್ಪೆ ಅಂತ ಅವಳಿಗೆ ಎರಡೇ ದಿನದಲ್ಲಿ ಖಾತ್ರಿಯಾಗಿತ್ತು. ಬಾಯಿಗಿಡುವ ಮೊದಲೇ ಬ್ಯಾಗಿನಿಂದ ಡಬ್ಬಿ ತೆಗೆದು ಎರಡು ಚಮಚ ಚಟ್ನಿಪುಡಿ ಉದುರಿಸಿ, ಚೆನ್ನಾಗಿ ಕಲೆಸಿ, ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಅಗಲವಾಯಿತು.

"ರೀ... ಇದು ಐಸ್‌ಕ್ರೀಮು."

ಶಾವಿಗೆಯಂತೆ ಒತ್ತಿದ ಐಸ್‌ಕ್ರೀಮು, ಗೊಜ್ಜು ಅಂದುಕೊಂಡಿದ್ದು ಸ್ಟ್ರಾಬೆರಿ, ಚೀಸು ಅಂದುಕೊಂಡಿದ್ದು ಬಿಳಿ ಚಾಕೊಲೇಟು. ಬಿಸಾಕೋಕೆ ಮನಸ್ಸು ಬರುತ್ತಾ? ತಲೆ ತಗ್ಗಿಸಿಕೊಂಡು ಪೂರ್ತಿ ತಿಂದಳು. ಪಕ್ಕದ ಟೇಬಲಿನ ಹುಡುಗಿ ನಮ್ಮನ್ನೇ ನೋಡುತ್ತಿದ್ದವಳು ವೇಟರನ್ನು ಕರೆದಳು. ಅವನು ನೆಟ್ಟಗೆ ನಮ್ಮ ಹತ್ತಿರ ಬಂದು, "ಅವರಿಗೂ ಇದೇ ಬೇಕಂತೆ. ಆ ಪುಡಿ ಸ್ವಲ್ಪ ಕೊಡ್ತೀರಾ?" ಅಂದ.

ಬೀಗಿತ್ತಿ

ಕೊನೆಗೆ ಮಗಳೇ ಒಂದು ಜಾಗ ತೋರಿಸಿದಳು. ಪಾಲಕ್ ಸೊಪ್ಪು ಹಾಕಿದ ದೊಡ್ಡ ದೊಡ್ಡ ಕಡುಬಿನ ಉಂಡೆ, ಮೇಲೆ ಕರಗಿದ ಬೆಣ್ಣೆ. ಎಲ್ಲ ಮಧ್ಯದಲ್ಲಿ ಇಡುತ್ತಾರೆ, ನಾವೇ ಬಡಿಸಿಕೊಳ್ಳೋದು. ಶನಿವಾರ ಸಂಜೆ ದಾರಿಯುದ್ದಕ್ಕೂ ನಮಗೆ ಅವಳ ಪಾಠ.

"ಅಮ್ಮಾ, ಹಿಯರ್ ನೋ ಮೀನ್ಸ್ ನೋ. ಜಸ್ಟ್ ಆಸ್ಕ್ ಒನ್ಸ್. ತಗೊಳ್ಳಿ ತಗೊಳ್ಳಿ ಅಂತ ಫೋರ್ಸ್ ಮಾಡ್ಬೇಡ, ಪ್ಲೀಸ್! ದೆ ವಿಲ್ ಹೇಟ್ ಇಟ್."

ಬೀಗರಾಗುವವರು ಮಗನ ಜೊತೆ ಬಂದರು. ಗಂಡ ಹೆಂಡತಿ ಇಬ್ಬರೂ ಗಂಭೀರ. ಮೊದಲು ಸೂಪು ಬಂತು. ನಾನೇ ಸೌಟು ಹಿಡಿದು ಕೇಳಿದೆ. "ನೋ, ಥ್ಯಾಂಕ್ಯೂ," ಅಂದರು ಬೀಗಿತ್ತಿ. ಸರಿ ಅಂತ ಬಟ್ಟಲು ಆಚೆ ಸರಿಸಿದೆ. ಕಡುಬು ಬಂತು, ಕೇಳಿದೆ. "ನೋ, ಥ್ಯಾಂಕ್ಯೂ." ಅದನ್ನೂ ಸರಿಸಿದೆ. ಆಲೂಗಡ್ಡೆ ಬಂತು, ಅದಕ್ಕೂ ಅದೇ ಉತ್ತರ. ಬೀಗರದೂ ಅದೇ ಪಾಡು. ಇಬ್ಬರ ಮುಂದೆಯೂ ತಟ್ಟೆ ಖಾಲಿ, ಮುಖದಲ್ಲಿ ನಗು ಮಾತ್ರ ಇದೆ.

ನನ್ನಾಕೆ ಮುಖ ಗಂಟಿಕ್ಕಿಕೊಂಡಳು. ನನ್ನ ಕಿವಿಯಲ್ಲಿ, "ನಾವು ಹಾಕಿದ ಊಟ ಮುಟ್ಟಲ್ಲ ಅಂದ್ರೆ ಏನ್ರೀ ಅರ್ಥ? ನಮ್ಮ ಹುಡುಗಿ ಬೇಡ ಅಂತ ತಾನೇ? ನಡೀರಿ, ಎದ್ದು ಹೋಗೋಣ," ಅಂದಳು. ಮಗಳು ಬಿಳಿಚಿಕೊಂಡಳು.

ಅಷ್ಟರಲ್ಲಿ ಬೀಗರು ಮಗನ ಕಡೆ ಬಾಗಿ ಜರ್ಮನಿನಲ್ಲಿ ಏನೋ ಪಿಸುಗುಟ್ಟಿದರು. ಹುಡುಗ ಕೆಂಪಗಾದ. ಮಗಳು ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದಳು.

"ಏನೇ ಅದು?" ಅಂದಳು ನನ್ನಾಕೆ, ಸಿಟ್ಟಿನಲ್ಲಿ.

"ಅಮ್ಮಾ, ಹೀ ಟ್ರೇನ್ಡ್ ದೆಮ್! ಕನ್ನಡದೋರ ಮುಂದೆ ಒಂದೊಂದಕ್ಕೂ ಎರಡೆರಡು ಸಲ ಬೇಡ ಅನ್ಬೇಕು, ಮೂರನೇ ಸಲ ತಗೋಬೇಕು, ಇಲ್ಲಾಂದ್ರೆ ಹೊಟ್ಟೆಬಾಕರು ಅಂದ್ಕೋತಾರೆ ಅಂತ. ಈಗ ಅವನಪ್ಪ ಅವನ್ನ ಕೇಳ್ತಿದಾರೆ, ಮೂರನೇ ಸಲ ಯಾವಾಗ ಕೇಳ್ತಾರೆ, ನಿಮ್ಮಮ್ಮ ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ!"

ನನ್ನಾಕೆಯ ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ ತಾಯಿ! ನಮ್ಮ ಮರ್ಯಾದೆಗೋಸ್ಕರ ಹಸ್ಕೊಂಡ್ ಕೂತಿದ್ರಾ?" ಅಂತ ಕನ್ನಡದಲ್ಲೇ ಅಂದು, ಎದ್ದು ಹೋಗಿ ಅವರ ತಟ್ಟೆಗೆ ತಾನೇ ಮೂರು ಕಡುಬು ಹಾಕಿದಳು. ಬಗ್ಗಿ ಬಡಿಸುತ್ತಲೇ ನನಗೆ, "ರೀ, ಮದುವೆಗೆ ಒಂದು ಒಳ್ಳೇ ದಿನ ನೋಡ್ಸಿ," ಅಂದಳು. ಮಗಳು ಅತ್ತೇಬಿಟ್ಟಳು, ಹೇಳಿಕೊಳ್ಳೋಕೆ ನಾಚಿಕೆಯಾದರೂ ನಾನೂ ಅತ್ತೆ.

ಬೀಗಿತ್ತಿ ಆ ಮೂರನ್ನೂ ತಿಂದರು, ಮೇಲೆ ಇನ್ನೆರಡು ತಿಂದರು. ಆರನೆಯದು ಬಂದಾಗ ಎರಡೂ ಕೈಯಲ್ಲಿ ತಟ್ಟೆ ಮುಚ್ಚಿಕೊಂಡು, "ನೋ! ನೋ! ರಿಯಲಿ, ನೋ!" ಅಂತ ಅಂಗಲಾಚಿದರು.

ನನ್ನಾಕೆ ಅವರ ಕೈ ಮೆಲ್ಲಗೆ ಸರಿಸಿ ಕಡುಬು ಹಾಕಿದಳು. "ಮೂರು ಸಲ ಆಯ್ತಲ್ಲ," ಅಂದಳು.